ಹೊಳೆಗೂ ಡೇರೆಗೂ ನಡುವಿನ ಜಾಗ

ಮಕ್ಕಳ ಪರೀಕ್ಷೆ ಮುಗಿಯಿತೆಂದರೆ, ಇಲ್ಲವೇ ಚಳಿಗಾಲದಲ್ಲಿ ಮೂರು ದಿನ ಸಾಲಾಗಿ ರಜೆ ಬಂತೆಂದರೆ, ಕಾಡಿನ ನಡುವೆ ನೀರಿನ ದಂಡೆಯಲ್ಲಿ ಡೇರೆ ಹಾಕಿ ಒಂದೆರಡು ರಾತ್ರಿ ಇದ್ದು ಬರೋಣ ಎಂಬ ಮಾತು ಈಗ ಎಷ್ಟೋ ಮನೆಗಳಲ್ಲಿ ಕೇಳಿಬರುತ್ತದೆ. ಒಳ್ಳೆಯ ಮಾತೇ. ನಮ್ಮ ನಾಡಿನಲ್ಲಿ ಅದಕ್ಕೆ ಜಾಗದ ಕೊರತೆಯೂ ಇಲ್ಲ. ಕಾವೇರಿಯ ದಂಡೆಯಲ್ಲಿ ಭೀಮೇಶ್ವರಿ, ಗಾಳಿಬೋರೆ ಇವೆ. ಕಾಳಿ ನದಿಯ ಉದ್ದಕ್ಕೆ ಗಣೇಶಗುಡಿ, ದಾಂಡೇಲಿ ಇವೆ. ಹೆಬ್ರಿಯ ಹತ್ತಿರ ಸೀತಾನದಿ ಇದೆ. ಹಿನ್ನೀರು ಬೇಕೆನ್ನುವವರಿಗೆ ಭದ್ರೆಯ ಲಕ್ಕವಳ್ಳಿ, ಶರಾವತಿಯ ಹೊನ್ನೆಮರಡು, ಮುಪ್ಪಾನೆ, ಕಬಿನಿಯ ಕಾರಾಪುರ ಇವೆ. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ 1980ರಲ್ಲಿ ಹುಟ್ಟಿದ ಮೇಲೆ ಕಾಡಿನ ವಾಸ ಸಾಮಾನ್ಯರಿಗೂ ಪರಿಚಯವಾಯಿತು. ಈಗ ಖಾಸಗಿ ಕ್ಯಾಂಪುಗಳೂ ಬೇಕಾದಷ್ಟು ಬಂದಿವೆ.

ಇಂಥ ಜಾಗ ಹುಡುಕುವಾಗ ಎಲ್ಲರೂ ಮೊದಲು ಕೇಳುವುದು, ‘ನೀರು ಎಷ್ಟು ಹತ್ತಿರ?’ ಎಂದು. ಡೇರೆಯ ಬಾಗಿಲು ತೆರೆದರೆ ನೀರಿಗೆ ಕಾಲಿಡುವಂತಿದ್ದರೆ ಅದೇ ಅತ್ಯುತ್ತಮ ಜಾಗ ಎಂಬ ಭಾವನೆ ಬಲವಾಗಿದೆ. ಈ ಹೊತ್ತು ನಾನು ಹೇಳಬೇಕೆಂದಿರುವುದು ಇದಕ್ಕೆ ತಿರುಗುಮುರುಗಾದ ಮಾತು. ನೀರಿಗೂ ನಮ್ಮ ಡೇರೆಗೂ ನಡುವೆ ಎಷ್ಟು ಜಾಗ ಬಿಟ್ಟಿದ್ದಾರೆ, ಆ ಜಾಗವನ್ನು ಯಾರು ಯಾರು ಬಳಸುತ್ತಾರೆ ಎಂಬುದನ್ನು ಮೊದಲು ಕೇಳಬೇಕು. ಅದು ಖಾಲಿ ಜಾಗವಲ್ಲ. ಹೊಳೆಗೆ ಅದು ಬೇಕು, ಕಾಡುಪ್ರಾಣಿಗಳಿಗೆ ಬೇಕು, ನೀರೊಳಗಿನ ಜೀವಗಳಿಗೆ ಬೇಕು, ಕೆಳಗಿನ ಊರಿನವರಿಗೂ ಬೇಕು. ಇವರೆಲ್ಲರ ಪಾಲನ್ನು ಬಿಟ್ಟು ಉಳಿದ ಕಡೆ ಡೇರೆ ಹಾಕಿದರೆ ನಮಗೂ ಕ್ಷೇಮ, ಕಾಡಿಗೂ ಕ್ಷೇಮ.

ಮೊದಲು ಹೊಳೆಯ ಪಾಲನ್ನು ನೋಡೋಣ. ಜನವರಿಯಲ್ಲಿ ಬಂಡೆಗಳ ನಡುವೆ ಸಣ್ಣಗೆ ಹರಿಯುವ ನೀರನ್ನು ಕಂಡು, ಹೊಳೆಯೆಂದರೆ ಇಷ್ಟೇ ಅಂದುಕೊಳ್ಳುತ್ತೇವೆ. ಆದರೆ ಹೊಳೆಯ ಪಾತ್ರ ಎಂದರೆ ಇವತ್ತು ನೀರಿರುವ ಜಾಗವಷ್ಟೇ ಅಲ್ಲ, ಆಗಸ್ಟಿನಲ್ಲಿ ನೀರು ಮುಟ್ಟುವ ಜಾಗವೂ ಹೌದು. ಅದು ಎಲ್ಲಿಯವರೆಗೆ ಎಂದು ತಿಳಿಯಲು ಯಾವ ಉಪಕರಣವೂ ಬೇಡ. ಕಾವೇರಿಯ ದಂಡೆಯಲ್ಲಿ ಹೊಳೆಮತ್ತಿ ಮರಗಳಿರುತ್ತವೆ, ಬೂದಿಬಣ್ಣದ ನುಣುಪು ತೊಗಟೆಯ, ಬೇರುಗಳನ್ನು ನೀರಿಗೆ ಚಾಚಿದ ದೊಡ್ಡ ಮರಗಳು. ಅದರ ಕೆಳಗಿನ ಕೊಂಬೆಗಳನ್ನು ತಲೆಯೆತ್ತಿ ನೋಡಿ. ಒಣಹುಲ್ಲು, ಬಿದಿರಿನ ಚೂರು, ಬೇರುನಾರು, ಹರಿದ ಪ್ಲಾಸ್ಟಿಕ್ ಚೀಲ ಎಲ್ಲ ಒಂದೇ ದಿಕ್ಕಿಗೆ ಬಾಚಿದಂತೆ ಸಿಕ್ಕಿಕೊಂಡಿರುತ್ತವೆ. ಅವನ್ನು ಅಲ್ಲಿಗೆ ತಂದಿಟ್ಟಿದ್ದು ಗಾಳಿಯಲ್ಲ, ಪ್ರವಾಹ. ಆ ಕಸ ನಿಮ್ಮ ತಲೆಗಿಂತ ಮೇಲಿದೆ ಎಂದರೆ ನೀವು ನಿಂತಿರುವುದು ಹೊಳೆಯೊಳಗೆ ಎಂದೇ ಅರ್ಥ.

ಅದೇ ಮರದ ಕಾಂಡದ ಮೇಲೆ ಇನ್ನೊಂದು ಗುರುತೂ ಇರಬಹುದು. ಆಳೆತ್ತರಕ್ಕೂ ಮೇಲೆ ಕೆಸರು ಮೆತ್ತಿ ಒಣಗಿರುತ್ತದೆ, ತೊಗಟೆ ಅಲ್ಲಿ ಉಜ್ಜಿ ಉಜ್ಜಿ ಹೊಳಪಾಗಿರುತ್ತದೆ. ನೀರಾಟ ಮುಗಿಸಿ ಮೇಲೆ ಬಂದ ಆನೆ ಮೈ ತಿಕ್ಕಿಕೊಂಡ ಗುರುತು ಅದು. ಹೊಳೆ ಎಲ್ಲಿಯವರೆಗೆ ಬರುತ್ತದೆ, ಆನೆ ಎಲ್ಲಿಂದ ಹತ್ತಿ ಹೋಗುತ್ತದೆ ಎಂಬ ಎರಡೂ ಸಂಗತಿಗಳು ಒಂದೇ ಮರದಲ್ಲಿ ದಾಖಲಾಗಿರುತ್ತವೆ. ಡೇರೆ ಬಿಚ್ಚುವ ಮೊದಲು ಇಂಥ ನಾಲ್ಕು ಮರಗಳ ಸುತ್ತ ನಡೆದು ಬಂದರೆ ಅರ್ಧ ತೀರ್ಮಾನ ಆದಂತೆ.

ಮಳೆಗಾಲದಲ್ಲಿ ನಾವು ಹೇಗೂ ಹೋಗುವುದಿಲ್ಲವಲ್ಲ ಎಂದು ನೀವು ಕೇಳಬಹುದು. ಹೊಳೆ ಏರುವುದಕ್ಕೆ ನಮ್ಮ ತಲೆಯ ಮೇಲೆ ಮಳೆ ಬರಬೇಕೆಂದಿಲ್ಲ. ಏಪ್ರಿಲ್ ಕೊನೆಗೆ, ಮೇ ತಿಂಗಳಲ್ಲಿ ಭರಣಿ, ಕೃತ್ತಿಕೆಯ ಮಳೆಗಳು ಸಂಜೆ ಹೊತ್ತು ಗುಡ್ಡದ ಮೇಲೆ ಸುರಿದರೆ, ಕೆಳಗಿನ ಹಳ್ಳ ರಾತ್ರಿ ತುಂಬುತ್ತದೆ. ಡೇರೆ ಇರುವ ಕಡೆ ನಕ್ಷತ್ರ ಕಾಣುತ್ತಲೇ ಇರಬಹುದು. ತಿಳಿನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಹರಿವಿನ ಸದ್ದು ದಪ್ಪಗಾದರೆ, ಸಾಮಾನು ಎಣಿಸುತ್ತ ನಿಲ್ಲದೆ ಎತ್ತರದ ಕಡೆ ನಡೆಯಬೇಕು.

ಇನ್ನು ನಮ್ಮ ದೊಡ್ಡ ನದಿಗಳಲ್ಲಿ ಬಹುಪಾಲಿನ ಮೇಲೆ ಅಣೆಕಟ್ಟುಗಳಿವೆ. ಅಲ್ಲಿ ನೀರಿನ ಮಟ್ಟವನ್ನು ಮಳೆಯಷ್ಟೇ ಅಲ್ಲ, ಅಣೆಕಟ್ಟಿನ ಗೇಟುಗಳೂ ವಿದ್ಯುದಾಗಾರವೂ ನಿರ್ಧರಿಸುತ್ತವೆ. ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಇದೆ. ಅದರ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿಸಿದಾಗ ಬರುವ ನೀರೇ ಕೆಳಗಿನ ಕಾಳಿಯ ಹರಿವು. ರಾಜ್ಯದಲ್ಲಿ ಕರೆಂಟಿನ ಬೇಡಿಕೆ ಏರಿದಾಗ ಹೊಳೆಯೂ ಏರುತ್ತದೆ, ಇಳಿದಾಗ ಇಳಿಯುತ್ತದೆ. ಅಲ್ಲಿನ ರಾಫ್ಟಿಂಗ್ ನಡೆಯುವುದು ಈ ನೀರಿನ ಬಲದಿಂದಲೇ. ಹಾಗಾಗಿ ಬೆಳಿಗ್ಗೆ ನಡೆದು ದಾಟಿದ ಬಂಡೆ ಮಧ್ಯಾಹ್ನ ನೀರಿನಡಿ ಇರಬಹುದು. ಭೀಮೇಶ್ವರಿಯ ಕಾವೇರಿಗೂ ಮೇಲಿನ ಕೃಷ್ಣರಾಜಸಾಗರ, ಕಬಿನಿ ಜಲಾಶಯಗಳ ಲೆಕ್ಕ ಅನ್ವಯಿಸುತ್ತದೆ.

ಈ ಮಾತನ್ನು ಹಗುರವಾಗಿ ತೆಗೆದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ದೂರದ ಹಿಮಾಚಲದಲ್ಲಿ ನಡೆದ ದುರಂತವನ್ನು ನೆನೆಯಬೇಕು. 2014ರ ಜೂನ್ 8ರಂದು ಮಂಡಿ ಜಿಲ್ಲೆಯಲ್ಲಿ, ಬಿಯಾಸ್ ನದಿಯ ಪಾತ್ರದಲ್ಲಿ ಬಂಡೆಗಳ ಮೇಲೆ ನಿಂತು ಫೋಟೊ ತೆಗೆದುಕೊಳ್ಳುತ್ತಿದ್ದ ಹೈದರಾಬಾದಿನ ಎಂಜಿನಿಯರಿಂಗ್ ಕಾಲೇಜಿನ 24 ವಿದ್ಯಾರ್ಥಿಗಳು ಕೊಚ್ಚಿಹೋದರು. ಮೇಲಿನ ಲಾರ್ಜಿ ಜಲವಿದ್ಯುತ್ ಯೋಜನೆಯಿಂದ ನೀರು ಬಿಟ್ಟಿದ್ದರು. ಆ ಮಕ್ಕಳು ಈಜಲೆಂದು ನೀರಿಗಿಳಿದವರಲ್ಲ, ಅವರು ನಿಂತ ಜಾಗಕ್ಕೆ ನದಿಯೇ ಬಂದಿತ್ತು. ಮಳೆಗಾಲದಲ್ಲಿ ಬಾನುಲಿಯಲ್ಲಿ ಜಲಾಶಯಗಳ ಮಟ್ಟವನ್ನು, ನದಿಪಾತ್ರದ ಜನರಿಗೆ ಕೊಡುವ ಎಚ್ಚರಿಕೆಯನ್ನು ನೀವು ಕೇಳಿರುತ್ತೀರಿ. ಹೊಳೆದಂಡೆಯಲ್ಲಿ ಮಲಗುವ ಪ್ರವಾಸಿಗನೂ ಆ ರಾತ್ರಿಯ ಮಟ್ಟಿಗೆ ನದಿಪಾತ್ರದ ಜನರಲ್ಲಿ ಒಬ್ಬ. ಎಚ್ಚರಿಕೆ ಅವನಿಗೂ ಸೇರಿದ್ದು.

ಹಿನ್ನೀರಿನ ಸ್ವಭಾವ ಬೇರೆ. ಹೊಳೆ ಏರಿ ಬರುತ್ತದೆ, ಹಿನ್ನೀರು ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. 1964ರಲ್ಲಿ ಕಟ್ಟಿ ಮುಗಿದ ಶರಾವತಿಯ ಲಿಂಗನಮಕ್ಕಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 1819 ಅಡಿ. ಮಳೆಗಾಲ ಮುಗಿದಾಗ ಕಾಡಿನ ಅಂಚಿಗೆ ಮುಟ್ಟಿ ನಿಂತ ನೀರು, ಏಪ್ರಿಲ್ ಹೊತ್ತಿಗೆ ದೂರ ಹೋಗಿ, ನಡುವೆ ಕೆಂಪು ಮಣ್ಣಿನ ಇಳಿಜಾರು ಬಿದ್ದಿರುತ್ತದೆ. ಮೇಲೆ ಒಣಗಿ ಬಿರುಕು ಬಿಟ್ಟಂತೆ ಕಂಡರೂ ಅಂಚಿನಲ್ಲಿ ಮೊಣಕಾಲುದ್ದ ಹೂಳು ಇರಬಹುದು. ಮುಳುಗಡೆಯಾದ ಕಾಡಿನ ಮರದ ಬೊಡ್ಡೆಗಳು ನೀರಿನಡಿ ಹಾಗೆಯೇ ನಿಂತಿವೆ. ದಡದಿಂದ ಹತ್ತು ಹೆಜ್ಜೆಗೆ ನೆಲ ಒಮ್ಮೆಲೇ ಆಳಕ್ಕೆ ಬೀಳಬಹುದು, ಏಕೆಂದರೆ ನೀರಿನಡಿ ಇರುವುದು ಕೆರೆಯ ತಳವಲ್ಲ, ಹಳೆಯ ಗುಡ್ಡ, ಹಳ್ಳ, ಗದ್ದೆ. ಹಾಗಾಗಿ ಹಿನ್ನೀರಿನ ಕ್ಯಾಂಪು ಆರಿಸುವಾಗ ನೀರಾಟಕ್ಕೆ ಗುರುತು ಮಾಡಿದ ಜಾಗ ಇದೆಯೇ, ಲೈಫ್ ಜಾಕೆಟ್ ಕೊಡುತ್ತಾರೆಯೇ, ನೀರು ಬಲ್ಲವರು ಜೊತೆಗೆ ಇರುತ್ತಾರೆಯೇ ಎಂದು ಕೇಳಿಯೇ ಮುಂದುವರಿಯಬೇಕು. ಹೊಳೆಗಳಲ್ಲೂ ಈ ಅಪಾಯ ಇದೆ. ಕಾವೇರಿಯ ಮುತ್ತತ್ತಿ, ಮೇಕೆದಾಟಿನ ಬಂಡೆಗಳಲ್ಲಿ ನೀರು ಕೊರೆದ ಗುಳಿಗಳಿವೆ, ಮರಳು ತೆಗೆದ ಹೊಳೆಗಳಲ್ಲಿ ಕಣ್ಣಿಗೆ ಕಾಣದ ಗುಂಡಿಗಳಿವೆ. ಅಲ್ಲಿ ಜೀವ ಕಳೆದುಕೊಂಡವರಲ್ಲಿ ಈಜು ಬಲ್ಲವರೂ ಇದ್ದಾರೆ.

ಈಗ ಪ್ರಾಣಿಗಳ ಪಾಲಿಗೆ ಬರೋಣ. ಹಗಲು ನಾವು ಆಡಿದ ದಂಡೆಗೆ ರಾತ್ರಿ ಬೇರೆಯವರು ಬರುತ್ತಾರೆ. ಬೇಸಿಗೆಯಲ್ಲಿ ಕಾಡಿನ ಕೆರೆಕಟ್ಟೆ ಬತ್ತಿದಂತೆ ಆನೆಗಳ ಹಿಂಡುಗಳು ಕಬಿನಿಯ ಹಿನ್ನೀರಿಗೆ ಇಳಿಯುತ್ತವೆ. ನೀರು ಸರಿದ ಜಾಗದಲ್ಲಿ ಚಿಗುರುವ ಹುಲ್ಲು ಆ ತಿಂಗಳುಗಳಲ್ಲಿ ಅವಕ್ಕೆ ದೊಡ್ಡ ಆಸರೆ. ಅವು ನೀರಿಗೆ ಬರುವ ದಾರಿ ಬದಲಾಗುವುದು ಕಡಿಮೆ. ದಂಡೆಯಲ್ಲಿ ಅಗಲವಾಗಿ, ಗಟ್ಟಿಯಾಗಿ ತುಳಿದು ಸಮವಾದ, ಏರು ಕಡಿಮೆ ಇರುವ ಓಣಿಯೊಂದು ಕಂಡರೆ, ಡೇರೆ ಹಾಕಲು ಇದಕ್ಕಿಂತ ಚೆನ್ನಾದ ಜಾಗ ಬೇರೆ ಇಲ್ಲ ಎಂದು ನಗರದವರಿಗೆ ತೋರುತ್ತದೆ. ಅದು ಆನೆದಾರಿ. ಸ್ಥಳೀಯ ವಾಚರ್ ಒಬ್ಬರು ಬಂದು, “ಆ ಕಡೆ ಬೇಡ ಸಾರ್, ರಾತ್ರಿ ಆನೆ ಇಳೀತವೆ, ಈ ದಿಬ್ಬದ ಮೇಲೆ ಹಾಕ್ಕೊಳಿ” ಎಂದರೆ ವಾದ ಮಾಡಬೇಡಿ. ಆ ಮಾತಿನ ಹಿಂದೆ ಹತ್ತಾರು ಬೇಸಿಗೆಗಳ ತಿಳಿವಳಿಕೆ ಇರುತ್ತದೆ.

2021ರ ಜನವರಿಯಲ್ಲಿ ವಯನಾಡಿನ ಮೇಪ್ಪಾಡಿಯ ಬಳಿ ಕಾಡಂಚಿನ ಡೇರೆಯ ತಂಗುದಾಣದಲ್ಲಿದ್ದ ಯುವತಿಯೊಬ್ಬರು ಆನೆಯ ದಾಳಿಗೆ ಬಲಿಯಾದರು. ಅಲ್ಲಿನ ಜಿಲ್ಲಾಡಳಿತ ಆಮೇಲೆ ಡೇರೆಯ ವಾಸಕ್ಕೆ ತಡೆ ಹಾಕಿತು. ಆನೆಗೆ ನಮ್ಮ ಮೇಲೆ ಹಗೆಯಿಲ್ಲ. ಅದರ ದಾರಿಯಲ್ಲಿ, ಅದರ ಹೊತ್ತಿನಲ್ಲಿ ನಾವಿದ್ದೆವು ಎಂಬುದಷ್ಟೇ ಸಾಕಾಗುತ್ತದೆ. ಆದ್ದರಿಂದ ಆನೆ ಇರುವ ಕಾಡಿನಲ್ಲಿ ಸೋಲಾರ್ ಬೇಲಿಯೋ ಕಂದಕವೋ ಇರುವ, ರಾತ್ರಿ ಕಾವಲಿರುವ, ಅಡುಗೆಮನೆ ಡೇರೆಗಳಿಂದ ದೂರವಿರುವ ಕ್ಯಾಂಪೇ ಸರಿ. ಹಲಸಿನ ಹಣ್ಣು, ಬಾಳೆಹಣ್ಣು, ಬೆಲ್ಲ, ಉಪ್ಪು ಇವನ್ನು ಡೇರೆಯೊಳಗೆ ಇಟ್ಟುಕೊಳ್ಳುವುದು ಆನೆಯನ್ನೂ ಕರಡಿಯನ್ನೂ ಕೈಬೀಸಿ ಕರೆದಂತೆ.

ದಂಡೆಯ ಮರಳಿಗೂ ಒಡೆಯರಿದ್ದಾರೆ. ಕಾವೇರಿಯಲ್ಲೂ ಕಾಳಿಯಲ್ಲೂ ಮೊಸಳೆಗಳಿವೆ. ಬಿಸಿಲು ಕಾಯಲು ಅವು ಮೇಲೆ ಬರುತ್ತವೆ, ಬೇಸಿಗೆಯಲ್ಲಿ ದಂಡೆಯಲ್ಲೇ ಗುಂಡಿ ತೋಡಿ ಮೊಟ್ಟೆ ಇಡುತ್ತವೆ. ಮರಳಿನ ಮೇಲೆ ಹೊಟ್ಟೆ ಎಳೆದ ಪಟ್ಟಿ, ಅದರ ಎರಡು ಬದಿಗೆ ಉಗುರಿನ ಗುರುತು ಕಂಡರೆ ಅಲ್ಲಿಂದ ಹಿಂದೆ ಸರಿಯಬೇಕು, ಮಕ್ಕಳನ್ನು ನೀರಿನ ಅಂಚಿಗೆ ಬಿಡಬಾರದು. ನೀರುನಾಯಿಗಳು ದಂಡೆಯ ಬೇರುಗಳ ನಡುವೆ, ಬಂಡೆಯ ಸಂದಿನಲ್ಲಿ ಮರಿ ಸಾಕುತ್ತವೆ. ಭದ್ರಾ ಹಿನ್ನೀರಿನಲ್ಲಿ ಬೇಸಿಗೆಗೆ ನೀರಿಳಿದು ದ್ವೀಪಗಳು ಮೇಲೆದ್ದಾಗ, ಹೊಳೆ ರೀವ ಹಕ್ಕಿಗಳು ಗುಂಪುಗುಂಪಾಗಿ ಬಂದು ಬರಿನೆಲದ ಮೇಲೆ ಮೊಟ್ಟೆ ಇಡುತ್ತವೆ. ಗೂಡಿಲ್ಲ, ಮರೆಯಿಲ್ಲ, ಕಲ್ಲಿನ ಬಣ್ಣವೇ ಮೊಟ್ಟೆಗೂ. ಜನ ದ್ವೀಪಕ್ಕೆ ಇಳಿದರೆ ತಾಯಿಹಕ್ಕಿ ಎದ್ದು ಹೋಗುತ್ತದೆ, ಉರಿಬಿಸಿಲಿನಲ್ಲಿ ಮೊಟ್ಟೆ ಕೆಡಲು ಹೆಚ್ಚು ಹೊತ್ತು ಬೇಡ. ‘ದ್ವೀಪದ ಮೇಲೆ ಇಳಿಸುತ್ತೇವೆ’ ಎಂದು ಯಾರಾದರೂ ಆಸೆ ತೋರಿಸಿದರೆ, ದೋಣಿಯಲ್ಲೇ ಕೂತು ದೂರದಿಂದ ನೋಡಿದರೆ ಸಾಕು ಎನ್ನಿ.

ನೀರೊಳಗಿನವರ ಪಾಲೂ ಇದೆ. ಭೀಮೇಶ್ವರಿ ಒಂದು ಕಾಲಕ್ಕೆ ಮೀನು ಹಿಡಿಯುವವರ ಕ್ಯಾಂಪು ಎಂದೇ ಹೆಸರಾಗಿತ್ತು. ದೂರದ ದೇಶಗಳಿಂದ ಬಂದು ಮಹಶೀರ್ ಮೀನಿಗೆ ಗಾಳ ಹಾಕಿ, ತೂಗಿ, ಮತ್ತೆ ನೀರಿಗೆ ಬಿಡುತ್ತಿದ್ದರು. ಈಗ ಅಭಯಾರಣ್ಯದೊಳಗೆ ಅದು ನಿಂತಿದೆ. ಕಾವೇರಿಯ ಕೊಳ್ಳವನ್ನು ಬಿಟ್ಟು ಬೇರೆಲ್ಲೂ ಇಲ್ಲದ, ಬೆನ್ನು ಉಬ್ಬಿದ, ಕಿತ್ತಳೆ ಬಣ್ಣದ ಈಜುರೆಕ್ಕೆಯ ಆ ಮಹಶೀರ್ 2018ರಿಂದ ತೀವ್ರ ಅಪಾಯದಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. ಇಂಥ ನೀರಿಗೆ ನಮ್ಮ ಸೋಪು, ಶಾಂಪೂ, ಪಾತ್ರೆ ತೊಳೆದ ಎಣ್ಣೆ ಹೋಗಬಾರದು. ಹೊರವಾಸದ ಅಭ್ಯಾಸವುಳ್ಳವರು ಪಾಲಿಸುವ ಸರಳ ಲೆಕ್ಕ ಒಂದಿದೆ. ಶೌಚ, ಸ್ನಾನ, ಪಾತ್ರೆ ಈ ಮೂರೂ ನೀರಿನಿಂದ ಕನಿಷ್ಠ 60 ಮೀಟರ್ ದೂರ, ಎಂದರೆ ಸುಮಾರು 80 ಹೆಜ್ಜೆ. ಶೌಚದ ಗುಂಡಿ ದಂಡೆಯಲ್ಲೇ ಇರುವ ಕ್ಯಾಂಪು ಎಷ್ಟೇ ಸುಂದರವಾಗಿದ್ದರೂ ಬೇಡ. ಅದರ ನೀರು ಇಂಗಿ ಹೊಳೆಗೇ ಸೇರುತ್ತದೆ, ಕೆಳಗಿನ ಊರಿನವರು ಅದೇ ನೀರನ್ನು ಮನೆಗೆ ಒಯ್ಯುತ್ತಾರೆ. ಹೃಷಿಕೇಶದ ಮೇಲ್ಭಾಗದಲ್ಲಿ ಗಂಗೆಯ ಮರಳುದಂಡೆಯ ಮೇಲೆ ಸಾಲುಸಾಲಾಗಿ ಎದ್ದ ಡೇರೆಗಳ ಮೇಲೆ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ನಿಷೇಧ ಹೇರಬೇಕಾಯಿತು. ಆ ಸ್ಥಿತಿ ನಮ್ಮ ಹೊಳೆಗಳಿಗೆ ಬರಬಾರದು.

ನೀರಿನಿಂದ ದೂರ ಸರಿದ ಮೇಲೆ ಡೇರೆಗೆ ನೆಲ ನೋಡಬೇಕು. ತಗ್ಗು ಬೇಡ, ಮಳೆ ಬಂದರೆ ನೀರು ನಿಲ್ಲುತ್ತದೆ, ಚಳಿಗಾಲದಲ್ಲಿ ತಣ್ಣನೆಯ ಗಾಳಿಯೂ ಮಂಜೂ ಬಂದು ಕೂರುತ್ತದೆ. ತುಸು ಎತ್ತರದ, ನೀರು ಹರಿದುಹೋಗುವ ದಿಬ್ಬ ಒಳ್ಳೆಯದು. ನೆಲ ನೋಡಿದಷ್ಟೇ ಗಮನವಿಟ್ಟು ಮೇಲೂ ನೋಡಬೇಕು. ಒಣಗಿದ ದೊಡ್ಡ ಕೊಂಬೆ, ಬಾಗಿದ ಬಿದಿರುಮೆಳೆ, ಹೆಜ್ಜೇನಿನ ಹಲ್ಲೆ ಇವುಗಳ ಕೆಳಗೆ ಮಲಗಬಾರದು. ಹೆಜ್ಜೇನಿಗೆ ಹೊಗೆಯೂ ಆಗದು, ಅತ್ತರಿನ ವಾಸನೆಯೂ ಆಗದು. ಹುತ್ತದ ಪಕ್ಕ, ಕಲ್ಲುರಾಶಿಯ ಪಕ್ಕ ಬೇಡ. ನಮ್ಮ ಕಾಡುಗಳಲ್ಲಿ ಕಟ್ಟುಹಾವು ರಾತ್ರಿ ಸಂಚಾರಿ, ನೆಲದ ಮೇಲೆ ಮಲಗಿದವರನ್ನು ನಿದ್ದೆಯಲ್ಲೇ ಕಚ್ಚಿದ ಪ್ರಸಂಗಗಳು ಅನೇಕ. ಆದ್ದರಿಂದ ಡೇರೆಯ ಜಿಪ್ ಸದಾ ಹಾಕಿರಲಿ, ಬೆಳಿಗ್ಗೆ ಬೂಟನ್ನು ಕೊಡವಿ ಹಾಕಿಕೊಳ್ಳಿ. ಯಾವ ಆಸ್ಪತ್ರೆಯಲ್ಲಿ ಹಾವಿನ ವಿಷಕ್ಕೆ ಮದ್ದು ಸಿಗುತ್ತದೆ, ಅಲ್ಲಿಗೆ ಎಷ್ಟು ಹೊತ್ತಿನ ದಾರಿ ಎಂಬುದನ್ನು ಹೊರಡುವ ಮೊದಲೇ ತಿಳಿದುಕೊಳ್ಳಿ.

ಕಾಲದ ಆಯ್ಕೆಯೂ ಜಾಗದ ಆಯ್ಕೆಯೇ. ಜೂನಿನಿಂದ ಸೆಪ್ಟೆಂಬರಿನವರೆಗೆ ಮಲೆನಾಡಿನ ಹೊಳೆದಂಡೆ ಡೇರೆಗೆ ಹೇಳಿದ್ದಲ್ಲ, ಇಂಬಳಗಳಿಗಿಂತ ದೊಡ್ಡ ಭಯ ಅಲ್ಲಿ ಹೊಳೆಯದೇ. ನವೆಂಬರಿನಿಂದ ಫೆಬ್ರವರಿ ಹಿತವಾದ ಕಾಲ. ಆದರೆ ಮಂಗನ ಕಾಯಿಲೆ ತಲೆಯೆತ್ತುವುದೂ ಚಳಿಗಾಲದಿಂದ ಮೇ ತಿಂಗಳವರೆಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ರೋಗ ಉಣುಗು ಕಚ್ಚುವುದರಿಂದ ಬರುತ್ತದೆ. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆಯ ಕಾಡಿಗೆ ಹೋಗುವವರು ಆ ವರ್ಷ ಎಲ್ಲಿ ಕಾಯಿಲೆ ಕಂಡಿದೆ ಎಂದು ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಬೇಕು. ಮಂಗ ಸತ್ತ ಸುದ್ದಿಯಿದ್ದ ಕಡೆ ಹೋಗಲೇಬಾರದು. ಉದ್ದತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೀಪಾ ತೈಲ, ತರಗೆಲೆಯ ಮೇಲೆ ಬರಿದೇ ಕೂರದಿರುವುದು, ಸಂಜೆ ಮೈಯೆಲ್ಲ ಪರೀಕ್ಷಿಸಿ ಬಿಸಿನೀರಿನ ಸ್ನಾನ, ಇವು ಮಲೆನಾಡಿನವರು ರೂಢಿಸಿಕೊಂಡ ಎಚ್ಚರಗಳು. ಮಾರ್ಚಿನಿಂದಾಚೆ ಕಾಳ್ಗಿಚ್ಚಿನ ಭಯ, ಸಂಜೆಯ ಸಿಡಿಲಿನ ಭಯ ಎರಡೂ ಇವೆ. ಗುಡುಗು ಕೇಳಿದೊಡನೆ ನೀರಿನಿಂದ, ಬಯಲಿನಿಂದ, ಒಂಟಿಮರದಿಂದ ದೂರವಾಗಿ ಗಟ್ಟಿ ಕಟ್ಟಡಕ್ಕೋ ಕಾರಿನೊಳಕ್ಕೋ ಸೇರಬೇಕು.

ಕಾನೂನಿನ ಮಾತನ್ನೂ ಹೇಳಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದೊಳಗೆ ಹೊರಗಿನವರು ಹೋಗಲು, ತಂಗಲು ಅನುಮತಿ ಬೇಕು, ಅಲ್ಲಿ ಕಾಡಿಗೆ ಅಪಾಯವಾಗುವಂತೆ ಬೆಂಕಿ ಹಚ್ಚುವುದು ಅಪರಾಧ. ಕಂಡ ಕಂಡ ದಂಡೆಯಲ್ಲಿ ಡೇರೆ ಹಾಕುವ ಹಕ್ಕು ಯಾರಿಗೂ ಇಲ್ಲ. ಇದನ್ನು ಅಡ್ಡಿಯೆಂದು ತಿಳಿಯಬೇಕಿಲ್ಲ. ಅರಣ್ಯ ಇಲಾಖೆ ಗೊತ್ತುಮಾಡಿದ ಶಿಬಿರಕ್ಕೇ ಹೋದರೆ, ಜನರ ಓಡಾಟ ಒಂದೇ ಕಡೆಗೆ ಸೀಮಿತವಾಗಿ ಮಿಕ್ಕ ದಂಡೆ ಪ್ರಾಣಿಗಳಿಗೆ ಉಳಿಯುತ್ತದೆ.

ಹಾಗಾದರೆ ಕ್ಯಾಂಪಿಗೆ ಫೋನು ಮಾಡಿದಾಗ ಏನೇನು ಕೇಳಬೇಕು? ಡೇರೆಯಿಂದ ನೀರಿಗೆ ಎಷ್ಟು ದೂರ, ಕಳೆದ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತು? ಮೇಲೆ ಅಣೆಕಟ್ಟಿದ್ದರೆ ನೀರು ಬಿಡುವ ಸುದ್ದಿ ನಿಮಗೆ ಹೇಗೆ ತಲುಪುತ್ತದೆ? ಪ್ರಾಣಿಗಳು ನೀರಿಗಿಳಿಯುವ ದಾರಿ ಎಲ್ಲಿದೆ, ರಾತ್ರಿ ಕಾವಲಿಗೆ ಯಾರಿರುತ್ತಾರೆ? ಶೌಚದ ನೀರು ಎಲ್ಲಿಗೆ ಹೋಗುತ್ತದೆ? ಅರಣ್ಯ ಇಲಾಖೆಯ, ಪಂಚಾಯಿತಿಯ ಅನುಮತಿ ಇದೆಯೇ? ಒಳ್ಳೆಯ ಕ್ಯಾಂಪಿನವರು ಇವಕ್ಕೆ ತಡಬಡಾಯಿಸದೆ ಉತ್ತರಿಸುತ್ತಾರೆ. ‘ಏನೂ ಆಗಲ್ಲ ಬನ್ನಿ ಸಾರ್’ ಎಂಬ ಉತ್ತರ ಬಂದರೆ ಬೇರೆ ಕಡೆ ನೋಡಿ. ಹೊರಟ ದಿನ ಮಧ್ಯಾಹ್ನ ನಾಲ್ಕರೊಳಗೆ ಅಲ್ಲಿರಿ. ದಂಡೆಯನ್ನು, ಮರಗಳನ್ನು, ಎತ್ತರಕ್ಕೆ ಹತ್ತುವ ದಾರಿಯನ್ನು ಬೆಳಕಿರುವಾಗಲೇ ಮನೆಯವರೆಲ್ಲ ಸೇರಿ ನೋಡಿಕೊಳ್ಳಿ. ಮನಸ್ಸಿಗೆ ಒಪ್ಪದಿದ್ದರೆ ಆ ರಾತ್ರಿ ಹತ್ತಿರದ ಊರಿನಲ್ಲಿ ಕೋಣೆ ಹಿಡಿದು, ಹೊಳೆಯನ್ನು ಬೆಳಿಗ್ಗೆ ಬಂದು ನೋಡಿದರೂ ಪ್ರವಾಸಕ್ಕೆ ಕುಂದಿಲ್ಲ.

ಕೊನೆಯದಾಗಿ ಒಂದು ಮಾತು. ನೀರಿನ ಅಂಚಿಗೇ ಡೇರೆ ಬೇಕೆಂದು ಬರುವವರೆಲ್ಲ ಕೇಳುವುದರಿಂದಲೇ ಕ್ಯಾಂಪಿನವರು ಅಂಚಿಗೆ ಡೇರೆ ಹಾಕುತ್ತಾರೆ, ಅದರ ಚಿತ್ರವನ್ನೇ ಜಾಹೀರಾತಿಗೆ ಕೊಡುತ್ತಾರೆ. ನಾವು ದೂರದ ದಿಬ್ಬವನ್ನು ಕೇಳಿ ಪಡೆದರೆ, ದಂಡೆ ಖಾಲಿ ಬಿಟ್ಟವರಿಗೇ ನಮ್ಮ ದುಡ್ಡು ಕೊಟ್ಟರೆ, ಒಂದೆರಡು ವರ್ಷಗಳಲ್ಲಿ ಡೇರೆಗಳು ತಾವಾಗಿ ಹಿಂದೆ ಸರಿಯುತ್ತವೆ. ಇದಕ್ಕೆ ಸರ್ಕಾರದ ಆದೇಶಕ್ಕಾಗಿ ಕಾಯಬೇಕಿಲ್ಲ. ಈ ರಜೆಯಲ್ಲಿ ಫೋನು ಮಾಡುವಾಗ ‘ನೀರು ಎಷ್ಟು ಹತ್ತಿರ’ ಎನ್ನುವ ಬದಲು ‘ನೀರಿಗೆ ಎಷ್ಟು ಜಾಗ ಬಿಟ್ಟಿದ್ದೀರಿ’ ಎಂದು ಕೇಳಿ. ಅಷ್ಟು ಮಾಡಿದರೆ ನಿಮ್ಮ ಮಕ್ಕಳೂ ಸುರಕ್ಷಿತವಾಗಿ ಮನೆಗೆ ಬರುತ್ತಾರೆ, ಹೊಳೆಯೂ ಅವರ ಮಕ್ಕಳ ಕಾಲಕ್ಕೆ ಉಳಿಯುತ್ತದೆ.